ಬ್ಯಾಕಪ್ ಕ್ವಾರ್ಟರ್‌ಬ್ಯಾಕ್‌ಗೆ ಎಷ್ಟು ಕೊಡಬಹುದು?

ಪ್ರಶ್ನೆ: ನಾನು ಡಲ್ಲಾಸ್ ಪಕ್ಕದ ಫ್ರಿಸ್ಕೋದಲ್ಲಿದ್ದೇನೆ. ಇಲ್ಲಿಗೆ ಬಂದ ಮೇಲೆ ಅಮೆರಿಕನ್ ಫುಟ್‌ಬಾಲ್ ಹುಚ್ಚು ಹತ್ತಿದೆ. ಕೌಬಾಯ್ಸ್ ನಮ್ಮ ತಂಡ. 2023ರಲ್ಲಿ ನಾಲ್ಕನೇ ಸುತ್ತಿನ ಪಿಕ್ ಕೊಟ್ಟು ಟ್ರೇ ಲ್ಯಾನ್ಸ್‌ನನ್ನು ತಂದರು, ಸರಿಯಾಗಿ ಆಡಿಸಲೇ ಇಲ್ಲ. 2025ರಲ್ಲಿ ಐದನೇ ಸುತ್ತಿನ ಪಿಕ್ ಕೊಟ್ಟು ಜೋ ಮಿಲ್ಟನ್‌ನನ್ನು ತಂದರು. ಹೀಗೆ ಹೊಸ ಹುಡುಗರನ್ನು ಟ್ರೇಡ್‌ನಲ್ಲಿ ತರುವುದರಿಂದ ಲಾಭ ಇದೆಯಾ? ಅನುಭವ ಇರುವ ಹಳಬನೊಬ್ಬನನ್ನು ದುಡ್ಡು ಕೊಟ್ಟು ಇಟ್ಟುಕೊಂಡರೆ ಸಾಲದೇ?

ಉತ್ತರ: ನೀವು ಹೇಳಿದ ಎರಡು ಟ್ರೇಡ್‌ಗಳು ಹೊರಗಿನಿಂದ ಒಂದೇ ಥರ ಕಾಣುತ್ತವೆ. ಲೆಕ್ಕ ಬಿಡಿಸಿ ನೋಡಿದರೆ ಹಾಗಿಲ್ಲ. ಮೊದಲನೆಯದು ಕೆಟ್ಟ ವ್ಯಾಪಾರ, ಎರಡನೆಯದು ಒಳ್ಳೆಯ ವ್ಯಾಪಾರ. ಮಿಲ್ಟನ್ ನಾಳೆ ಮೈದಾನಕ್ಕಿಳಿದು ನಾಲ್ಕು ಇಂಟರ್‌ಸೆಪ್ಷನ್ (ಎದುರಾಳಿ ಕೈಗೆ ಹೋಗುವ ಎಸೆತ) ಎಸೆದರೂ ನಾನು ಇದನ್ನೇ ಹೇಳುತ್ತೇನೆ.

ಆಟ ಅಷ್ಟಾಗಿ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಎನ್‌ಎಫ್‌ಎಲ್‌ನಲ್ಲಿ 32 ತಂಡಗಳು. ಪ್ರತಿ ತಂಡಕ್ಕೂ ಆಟಗಾರರ ಸಂಬಳಕ್ಕೆ ಒಂದು ಮಿತಿ ಇರುತ್ತದೆ, ಅದನ್ನು ಸ್ಯಾಲರಿ ಕ್ಯಾಪ್ ಅನ್ನುತ್ತಾರೆ. 2025ರಲ್ಲಿ ಅದು 279.2 ಮಿಲಿಯನ್ ಡಾಲರ್. ಕಾಲೇಜಿನಿಂದ ಬರುವ ಹುಡುಗರನ್ನು ಏಳು ಸುತ್ತಿನ ಡ್ರಾಫ್ಟ್‌ನಲ್ಲಿ ಆರಿಸಿಕೊಳ್ಳುತ್ತಾರೆ. ಆ ಆರಿಸುವ ಸರದಿಯೇ ಪಿಕ್. ಅದನ್ನು ಕೊಟ್ಟು ಬೇರೆ ತಂಡದ ಆಟಗಾರನನ್ನು ತರಬಹುದು. ಇನ್ನು ಕ್ವಾರ್ಟರ್‌ಬ್ಯಾಕ್ ಅಂದರೆ ಪ್ರತಿ ದಾಳಿಯಲ್ಲೂ ಚೆಂಡು ಮೊದಲು ಸಿಗುವವನು, ಎಸೆಯುವವನು, ಬಹಳ ಸಲ ತಂಡದಲ್ಲೇ ಜಾಸ್ತಿ ಸಂಬಳದವನು. ನಿಮ್ಮ ಡಾಕ್ ಪ್ರೆಸ್ಕಾಟ್ 2024ರ ಸೆಪ್ಟೆಂಬರ್‌ನಲ್ಲಿ ಸಹಿ ಹಾಕಿದ್ದು ನಾಲ್ಕು ವರ್ಷಕ್ಕೆ 240 ಮಿಲಿಯನ್‌ಗೆ. ವರ್ಷಕ್ಕೆ 60 ಮಿಲಿಯನ್ ಆಯಿತು. ಒಬ್ಬನಿಗೇ ಇಷ್ಟು ಹೋದ ಮೇಲೆ, ಬ್ಯಾಕಪ್ ಆಗಿ ಬೆಂಚಿನ ಮೇಲೆ ಕೂರುವವನಿಗೆ ಎಷ್ಟು ಉಳಿದೀತು?

ಹೊಸ ಹುಡುಗರ ಮೇಲೆ ಕಣ್ಣು ಬೀಳುವುದು ಅದಕ್ಕೇ. ಡ್ರಾಫ್ಟ್ ಆದವನ ಮೊದಲ ಕಾಂಟ್ರಾಕ್ಟ್ ನಾಲ್ಕು ವರ್ಷದ್ದು. ಮೊದಲ ಸುತ್ತಿನವನಾದರೆ ಐದನೇ ವರ್ಷವನ್ನು ತಂಡ ಬೇಕಿದ್ದರೆ ಸೇರಿಸಿಕೊಳ್ಳಬಹುದು. ಮೇಲಿನ ಸುತ್ತಿನವರಿಗೆ ಸಂಬಳದ ದೊಡ್ಡ ಪಾಲು ಸೈನಿಂಗ್ ಬೋನಸ್ (ಸಹಿ ಹಾಕಿದಾಗ ಕೊಡುವ ಹಣ) ರೂಪದಲ್ಲಿ ಮೊದಲೇ ಹೋಗಿರುತ್ತದೆ. ಟ್ರೇಡ್ ಆದರೆ ಆ ಬೋನಸ್‌ನ ಬಾಕಿ ಲೆಕ್ಕ ಹಳೇ ತಂಡದ ಕ್ಯಾಪ್ ಮೇಲೇ ಬೀಳುತ್ತದೆ. ಹೊಸ ತಂಡ ಕೊಡುವುದು ಉಳಿದ ವರ್ಷಗಳ ಸಂಬಳ ಮಾತ್ರ. ಮೊದಲ ಮಾಲೀಕ ಡೌನ್ ಪೇಮೆಂಟ್ ಕಟ್ಟಿದ ಗಾಡಿಯನ್ನು, ಉಳಿದ ಸಣ್ಣ ಕಂತುಗಳ ಮೇಲೆ ಮನೆಗೆ ತಂದ ಹಾಗೆ.

ಆದರೆ ಎಷ್ಟು ವರ್ಷ ಉಳಿದಿದೆ ಅನ್ನುವುದೇ ಇಲ್ಲಿ ಪ್ರಶ್ನೆ. ಲ್ಯಾನ್ಸ್ 2021ರ ಡ್ರಾಫ್ಟ್‌ನಲ್ಲಿ ಮೂರನೆಯವನು. ಅವನಿಗೋಸ್ಕರ ಸ್ಯಾನ್ ಫ್ರಾನ್ಸಿಸ್ಕೊ ತಂಡ ಮೂರು ಮೊದಲ ಸುತ್ತಿನ ಪಿಕ್‌ಗಳನ್ನು ಮಯಾಮಿಗೆ ಕೊಟ್ಟು 12ನೇ ಸ್ಥಾನದಿಂದ ಮೂರಕ್ಕೆ ಜಿಗಿದಿತ್ತು. ಅಲ್ಲಿ ಅವನು ಮುಖ್ಯ ಕ್ವಾರ್ಟರ್‌ಬ್ಯಾಕ್ ಆಗಿ ಶುರು ಮಾಡಿದ್ದು ಒಟ್ಟು ನಾಲ್ಕೇ ಪಂದ್ಯ. 2022ರಲ್ಲಿ ಕಣಕಾಲು ಮುರಿಯಿತು. ಅಷ್ಟರಲ್ಲಿ ಆ ವರ್ಷದ ಡ್ರಾಫ್ಟ್‌ನ ಕಟ್ಟಕಡೆಯ ಹುಡುಗ, 262ನೆಯ ಬ್ರಾಕ್ ಪರ್ಡಿ, ಜಾಗ ಹಿಡಿದು ಕೂತ. 2023ರ ಆಗಸ್ಟ್‌ನಲ್ಲಿ ಲ್ಯಾನ್ಸ್ ಡಲ್ಲಾಸ್‌ಗೆ ಬಂದಾಗ ಕಾಂಟ್ರಾಕ್ಟ್‌ನ ಎರಡು ವರ್ಷ ಆಗಲೇ ಮುಗಿದಿತ್ತು. ಉಳಿದದ್ದು ಎರಡು. ಅದರಲ್ಲಿ ಮೊದಲನೇದು ಪ್ಲೇಬುಕ್ (ತಂಡದ ಆಟದ ಯೋಜನೆಗಳ ಪುಸ್ತಕ) ಕಲಿಯುವುದರಲ್ಲೇ ಹೋಯಿತು. ಆ ಸೀಸನ್‌ನಲ್ಲಿ ಒಂದು ಸ್ನ್ಯಾಪ್ (ಚೆಂಡು ಆಟಕ್ಕೆ ಬರುವ ಒಂದು ಸರದಿ) ಕೂಡ ಆಡಲಿಲ್ಲ. 2024ರ ಮೇ ತಿಂಗಳಿಗೆ ಐದನೇ ವರ್ಷದ ಆಯ್ಕೆ ಬೇಕೋ ಬೇಡವೋ ಹೇಳಬೇಕಿತ್ತು. ಅದಕ್ಕೆ 20 ಮಿಲಿಯನ್‌ಗೂ ಜಾಸ್ತಿ ಆಗುತ್ತಿತ್ತು. ಆಡಿಯೇ ಇಲ್ಲದವನಿಗೆ ಅಷ್ಟು ಯಾರು ಕೊಡುತ್ತಾರೆ? ಬೇಡ ಅಂದರು. ಅಲ್ಲಿಂದ ಉಳಿದದ್ದು ಒಂದು ವರ್ಷ, ಅದೂ 5 ಮಿಲಿಯನ್ ಚಿಲ್ಲರೆ ಸಂಬಳಕ್ಕೆ.

ಆ ವರ್ಷ ನವೆಂಬರ್‌ನಲ್ಲಿ ಅಟ್ಲಾಂಟಾದಲ್ಲಿ ಪ್ರೆಸ್ಕಾಟ್‌ಗೆ ತೊಡೆಯ ಹಿಂಭಾಗದ ಪೆಟ್ಟಾಯಿತಲ್ಲ, ಆಗಲಾದರೂ ಲ್ಯಾನ್ಸ್ ಆಡಬೇಕಿತ್ತು. ಆದರೆ ಎಂಟು ಪಂದ್ಯ ಶುರು ಮಾಡಿದ್ದು ಕೂಪರ್ ರಶ್. ಯಾವ ಡ್ರಾಫ್ಟ್‌ನಲ್ಲೂ ಆಯ್ಕೆಯಾಗದೆ 2017ರಲ್ಲಿ ಬಂದ ಹುಡುಗ ಅವನು. ನಾಲ್ಕು ಗೆದ್ದ, ನಾಲ್ಕು ಸೋತ. ಲ್ಯಾನ್ಸ್‌ಗೆ ಸಿಕ್ಕಿದ್ದು ವಾಷಿಂಗ್ಟನ್ ಎದುರಿನ ಕೊನೇ ಪಂದ್ಯ ಒಂದೇ. ಸೀಸನ್ ಮುಗಿದ ಮೇಲೆ ಲಾಸ್ ಏಂಜಲೀಸ್ ಚಾರ್ಜರ್ಸ್ ತಂಡಕ್ಕೆ ಹೊರಟುಹೋದ. ಅವನು ಕೆಟ್ಟ ಆಟಗಾರ ಅಂತ ನಾನು ಹೇಳುತ್ತಿಲ್ಲ. ಡಲ್ಲಾಸ್ ಕೊಂಡದ್ದು 'ಮೂರನೇ ಪಿಕ್' ಅನ್ನುವ ಹೆಸರನ್ನು. ಸಮಯವನ್ನು ಕೊಳ್ಳಲಿಲ್ಲ.

ಈಗ ಮಿಲ್ಟನ್ ನೋಡಿ. 2024ರ ಆರನೇ ಸುತ್ತಿನವನು, 193ನೇ ಪಿಕ್. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನಲ್ಲಿ ಒಂದು ವರ್ಷ ಕೂತಿದ್ದ. ಕೊನೇ ವಾರ ಬಫಲೋ ಎದುರು ಅವಕಾಶ ಸಿಕ್ಕಿತು. 29 ಎಸೆತದಲ್ಲಿ 22 ತನ್ನವರಿಗೆ ತಲುಪಿಸಿದ, 241 ಯಾರ್ಡ್. 23-16ರಿಂದ ಗೆದ್ದರು. ತಮಾಷೆ ಅಂದರೆ, ಕೆಟ್ಟದಾಗಿ ಆಡಿದ ತಂಡಕ್ಕೇ ಡ್ರಾಫ್ಟ್‌ನಲ್ಲಿ ಮೊದಲ ಸರದಿ, ಹಾಗಾಗಿ ಆ ಗೆಲುವಿನಿಂದಲೇ ಪೇಟ್ರಿಯಟ್ಸ್ ಡ್ರಾಫ್ಟ್‌ನ ಮೊದಲ ಸ್ಥಾನ ಕಳೆದುಕೊಂಡು ನಾಲ್ಕಕ್ಕೆ ಇಳಿದರು! ಬಾಸ್ಟನ್ ಕಡೆಯ ಅವರ ಅಭಿಮಾನಿಗಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. 2025ರ ಏಪ್ರಿಲ್‌ನಲ್ಲಿ ಡಲ್ಲಾಸ್ ಐದನೇ ಸುತ್ತಿನ ಪಿಕ್ ಕೊಟ್ಟು ಅವನನ್ನು ತಂದಿತು. ಜೊತೆಗೆ ಒಂದು ಏಳನೇ ಸುತ್ತಿನ ಪಿಕ್ಕೂ ಬಂತು. ಮುಖ್ಯ ಸಂಗತಿ ಏನೆಂದರೆ, ಅವನ ಕಾಂಟ್ರಾಕ್ಟ್ 2027ರ ತನಕ ಇದೆ. ಟ್ರೇಡ್ ಆದಾಗ ಮೂರು ಪೂರ್ತಿ ಸೀಸನ್ ಬಾಕಿ. ವರ್ಷಕ್ಕೆ ಹೆಚ್ಚು ಕಡಿಮೆ ಒಂದು ಮಿಲಿಯನ್. ಮೂರೂ ವರ್ಷ ಸೇರಿಸಿದರೂ 3 ಮಿಲಿಯನ್ ಚಿಲ್ಲರೆ.

ಇನ್ನೊಂದು ವಿಷಯ. ಮಿಲ್ಟನ್ ಹುಟ್ಟಿದ್ದು 2000ದ ಮಾರ್ಚ್‌ನಲ್ಲಿ, ಲ್ಯಾನ್ಸ್ ಅದೇ ವರ್ಷದ ಮೇ ತಿಂಗಳಲ್ಲಿ. ಅಂದರೆ ಈ 'ಹೊಸ ಹುಡುಗ' ಆ 'ಹಳೇ ಹುಡುಗ'ನಿಗಿಂತ ಎರಡು ತಿಂಗಳು ದೊಡ್ಡವನು! ಜನರಲ್ ಮ್ಯಾನೇಜರ್ ನೋಡಬೇಕಾದ್ದು ಹುಟ್ಟಿದ ತಾರೀಖನ್ನಲ್ಲ, ಕಾಂಟ್ರಾಕ್ಟ್ ಮುಗಿಯುವ ತಾರೀಖನ್ನು.

ಎಷ್ಟು ಕೊಡಬಹುದು ಅನ್ನುವುದಕ್ಕೆ ನಿಮ್ಮ ಊರಿನದೇ ಒಂದು ಅಳತೆ ಇದೆ. ತೊಂಬತ್ತರ ದಶಕದ ಶುರುವಿನಲ್ಲಿ ಜಿಮ್ಮಿ ಜಾನ್ಸನ್ ಕೌಬಾಯ್ಸ್ ಕೋಚ್ ಆಗಿದ್ದಾಗ ಪಿಕ್‌ಗಳಿಗೆ ಅಂಕ ಕೊಡುವ ಒಂದು ಪಟ್ಟಿ ಮಾಡಿಸಿದರು. ಮೊದಲ ಪಿಕ್‌ಗೆ 3000 ಅಂಕ. ಐದನೇ ಸುತ್ತಿನ ಯಾವ ಪಿಕ್‌ಗೂ 50 ಅಂಕ ಇಲ್ಲ. ಆ ಸುತ್ತಿನಲ್ಲಿ ಆರಿಸಿದ ಹುಡುಗರಲ್ಲಿ ಹೆಚ್ಚಿನವರು ನಿಯಮಿತ ಆಟಗಾರರಾಗುವುದೇ ಇಲ್ಲ. ಅದನ್ನು ಕೊಟ್ಟು ಮೂರು ವರ್ಷದ ಬ್ಯಾಕಪ್ ಸಿಗುವುದಾದರೆ ನಾನು ಎರಡು ಸಲ ಯೋಚಿಸುವುದಿಲ್ಲ. ನಾಲ್ಕನೇ ಸುತ್ತಿನ ಪಿಕ್ ಕೇಳಿದರೆ ಯೋಚಿಸುತ್ತೇನೆ. ಎರಡನೇ ಸುತ್ತು ಅಂದರೆ ಎದ್ದು ಬರುತ್ತೇನೆ.

'ಮುಂದೆ ದಿಗ್ಗಜನಾದ ಬ್ರೆಟ್ ಫಾರ್ವ್ ಕೂಡ ಬ್ಯಾಕಪ್ ಆಗಿದ್ದವನೇ ಅಲ್ವಾ?' ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಹೌದು. ಅಟ್ಲಾಂಟಾದಲ್ಲಿ ಮೊದಲ ವರ್ಷ ನಾಲ್ಕು ಸಲ ಎಸೆದು ಒಂದೂ ತನ್ನವರಿಗೆ ತಲುಪದೆ, ಎರಡು ಎದುರಾಳಿ ಕೈಗೆ ಹೋಗಿದ್ದವು. 1992ರಲ್ಲಿ ಗ್ರೀನ್ ಬೇ ಪ್ಯಾಕರ್ಸ್‌ನ ಜನರಲ್ ಮ್ಯಾನೇಜರ್ ರಾನ್ ವುಲ್ಫ್ ಅವನಿಗೆ ಮೊದಲ ಸುತ್ತಿನ ಪಿಕ್ ಕೊಟ್ಟರು. 2017ರಲ್ಲಿ ಜಿಮ್ಮಿ ಗರಾಪಲೊಗೆ ಸ್ಯಾನ್ ಫ್ರಾನ್ಸಿಸ್ಕೊ ಎರಡನೇ ಸುತ್ತಿನ ಪಿಕ್ ಕೊಟ್ಟಿತು. ಇವೆಲ್ಲ ಮುಖ್ಯ ಆಟಗಾರನನ್ನು ಹುಡುಕಿ ಮಾಡಿದ ಖರೀದಿಗಳು. ಬ್ಯಾಕಪ್ ಖರೀದಿಯ ಲೆಕ್ಕವೇ ಬೇರೆ. ಎರಡನ್ನೂ ಬೆರೆಸಿದರೆ ಏನಾಗುತ್ತದೆ ಅನ್ನುವುದಕ್ಕೆ ಜಾಶ್ ರೋಸೆನ್ ಸಾಕು. 2018ರ ಹತ್ತನೇ ಪಿಕ್. ಒಂದೇ ವರ್ಷದಲ್ಲಿ ಅರಿಜೋನಾ ಅವನನ್ನು ಕೈಬಿಟ್ಟು ಕೈಲರ್ ಮರ್‍ರೇನನ್ನು ಆರಿಸಿತು. ಬೋನಸ್ ಅರಿಜೋನಾ ಕೊಟ್ಟಾಗಿತ್ತು, ಮೂರು ವರ್ಷಕ್ಕೆ ಮಯಾಮಿ ಕೊಡಬೇಕಿದ್ದದ್ದು ಸುಮಾರು 6 ಮಿಲಿಯನ್ ಮಾತ್ರ. ಅಗ್ಗ, ಚಿಕ್ಕ ವಯಸ್ಸು, ಬಾಕಿ ವರ್ಷ, ಎಲ್ಲ ಇತ್ತು. ಆದರೆ ಕೊಟ್ಟದ್ದು ಒಂದು ಎರಡನೇ ಸುತ್ತಿನ ಪಿಕ್, ಮೇಲೊಂದು ಐದನೇ ಸುತ್ತಿನದು. ಅಲ್ಲಿ ಮೂರು ಪಂದ್ಯ ಶುರು ಮಾಡಿ ಮೂರನ್ನೂ ಸೋತ. 2020ರ ಸೆಪ್ಟೆಂಬರ್‌ಗೆ ತಂಡದಿಂದಲೇ ಹೊರಗೆ.

ಒಳ್ಳೆಯ ಟ್ರೇಡ್ ಹೇಗಿರುತ್ತದೆ ಅನ್ನುವುದಕ್ಕೆ ನಾನು ಮತ್ತೆ ಮತ್ತೆ ಹೇಳುವ ಹೆಸರು ಮಲಿಕ್ ವಿಲ್ಲಿಸ್. ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ವಿಲ್ಲಿಸ್ 2022ರ ಮೂರನೇ ಸುತ್ತಿನವನು, ಟೆನೆಸಿ ಟೈಟನ್ಸ್ ಆರಿಸಿದ್ದು. ಮೊದಲ ವರ್ಷ ಮೂರು ಪಂದ್ಯ ಶುರು ಮಾಡಿದ, ಒಂದೂ ಟಚ್‌ಡೌನ್ (ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ತರುವ ಎಸೆತ) ಎಸೆಯಲಿಲ್ಲ. ಸೀಸನ್‌ನ ಕೊನೆಯಲ್ಲಿ, ಬಂದು ಹತ್ತು ದಿನವೂ ಆಗಿರದ ಜಾಶ್ ಡಾಬ್ಸ್‌ನನ್ನು ಅವನ ಬದಲು ಆಡಿಸಿದರು. (ಈ ಡಾಬ್ಸ್ ಮುಂದೆ ಮತ್ತೆ ಬರುತ್ತಾನೆ.) ಮರುವರ್ಷ ಟೈಟನ್ಸ್ ಎರಡನೇ ಸುತ್ತಿನಲ್ಲಿ ವಿಲ್ ಲೆವಿಸ್‌ನನ್ನು ತಂದರು. 2024ಕ್ಕೆ ಹೊಸ ಕೋಚ್, ಇನ್ನೊಬ್ಬ ಅನುಭವಿ ಬ್ಯಾಕಪ್ ಕೂಡ ಬಂದ. ವಿಲ್ಲಿಸ್ ಹೆಚ್ಚಾದ. ಮಾರುವವರು ಯಾಕೆ ಮಾರುತ್ತಾರೆ ಅಂತ ಕೇಳಿದರೆ ಬಹಳ ಸಲ ಉತ್ತರ ಇಷ್ಟೇ. ಹುಡುಗ ಕೆಟ್ಟಿರುವುದಿಲ್ಲ, ಅವನನ್ನು ಆರಿಸಿದವರು ಈಗ ಅಲ್ಲಿರುವುದಿಲ್ಲ.

ಆಗಸ್ಟ್ ಕೊನೆಗೆ ಪ್ರತಿ ತಂಡವೂ 53 ಆಟಗಾರರಿಗೆ ಇಳಿಯಬೇಕು. ಕೈಬಿಟ್ಟ ಹೊಸಬರು ವೇವರ್ಸ್ ಪಟ್ಟಿಗೆ ಹೋಗುತ್ತಾರೆ. ಅಲ್ಲಿ ಹಿಂದಿನ ವರ್ಷ ಕೆಟ್ಟದಾಗಿ ಆಡಿದ ತಂಡಗಳಿಗೆ ಮೊದಲ ಸರದಿ. ಗ್ರೀನ್ ಬೇ ಹಿಂದಿನ ವರ್ಷ ಪ್ಲೇಆಫ್ ಆಡಿದ ತಂಡ, ಸರದಿಯಲ್ಲಿ ಹಿಂದೆ. ಅವರ ಇಬ್ಬರು ಬ್ಯಾಕಪ್ ಹುಡುಗರೂ ಪ್ರೀಸೀಸನ್‌ನಲ್ಲಿ (ಸೀಸನ್‌ಗೆ ಮೊದಲಿನ ಅಭ್ಯಾಸ ಪಂದ್ಯಗಳಲ್ಲಿ) ತಡವರಿಸಿದ್ದರು. ಬಿಟ್ಟಾಗ ಹಿಡಿಯೋಣ ಅಂತ ಕಾಯದೆ, ಆಗಸ್ಟ್ 26ರಂದು ಏಳನೇ ಸುತ್ತಿನ ಒಂದು ಪಿಕ್ ಕೊಟ್ಟು ವಿಲ್ಲಿಸ್‌ನನ್ನು ತಂದರು. ಅದಕ್ಕಿಂತ ಕಡಿಮೆ ಬೆಲೆಯೇ ಇಲ್ಲ. ಕಾಂಟ್ರಾಕ್ಟ್‌ನಲ್ಲಿ ಎರಡು ವರ್ಷ ಬಾಕಿ.

ಹತ್ತು ಹನ್ನೊಂದು ದಿನಕ್ಕೆ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಮೊದಲ ಪಂದ್ಯ. ಕೊನೇ ಗಳಿಗೆಯಲ್ಲಿ ಮುಖ್ಯ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಲವ್ ಮೊಣಕಾಲು ಹಿಡಿದು ಬಿದ್ದ. ಮುಂದಿನ ವಾರ ಇಂಡಿಯಾನಾಪೊಲಿಸ್ ಕೋಲ್ಟ್ಸ್ ಎದುರು ವಿಲ್ಲಿಸ್ ಶುರು ಮಾಡಬೇಕು. ತಂಡಕ್ಕೆ ಬಂದು ಮೂರು ವಾರವೂ ಆಗಿಲ್ಲ.

ಕೋಚ್ ಮ್ಯಾಟ್ ಲಫ್ಲೋರ್ ಆವತ್ತು ಲವ್‌ನ ಪ್ಲೇಬುಕ್ ತೆಗೆದು ವಿಲ್ಲಿಸ್ ಕೈಗೆ ಕೊಡಲಿಲ್ಲ. 53 ಸಲ ಚೆಂಡು ಹಿಡಿದು ಓಡಿಸಿದರು, 261 ಯಾರ್ಡ್ ಬಂತು. ಜಾಶ್ ಜೇಕಬ್ಸ್ ಒಬ್ಬನೇ 32 ಸಲ ಓಡಿದ. ವಿಲ್ಲಿಸ್ ಎಸೆದದ್ದು 14 ಸಲ, ಅದರಲ್ಲಿ 12 ಸರಿಯಾಗಿ ಸೇರಿದವು, ಒಂದು ಟಚ್‌ಡೌನ್. ಈಗಿನ ಕಾಲದಲ್ಲಿ 53 ಓಟಕ್ಕೆ 14 ಎಸೆತ ಅನ್ನುವ ಲೆಕ್ಕ ನೋಡಿದರೆ ಕಣ್ಣುಜ್ಜಿಕೊಳ್ಳಬೇಕು. ಎದುರಾಳಿಗೂ ಗೊತ್ತಿತ್ತು ಓಡುತ್ತಾರೆ ಅಂತ. ಆದರೆ ವಿಲ್ಲಿಸ್ ತಾನೇ ಓಡಬಲ್ಲವನಾದ್ದರಿಂದ ಚೆಂಡು ಯಾರ ಕೈಯಲ್ಲಿದೆ ಅಂತ ರಕ್ಷಣೆಯವರು ಒಂದು ಕ್ಷಣ ನಿಲ್ಲಲೇಬೇಕಿತ್ತು. ಆ ಒಂದು ಕ್ಷಣವೇ ಸಾಕಾಯಿತು. 16-10. ಅದರ ಮುಂದಿನ ವಾರ ನ್ಯಾಶ್‌ವಿಲ್‌ನಲ್ಲಿ, ತನ್ನನ್ನು ಏಳನೇ ಸುತ್ತಿಗೆ ಮಾರಿದ ಟೈಟನ್ಸ್ ಎದುರೇ, 202 ಯಾರ್ಡ್ ಎಸೆದು 30-14ರಿಂದ ಗೆದ್ದ. ಲವ್ ವಾಪಸ್ ಬಂದಾಗ ಸೀಸನ್ ಕೆಟ್ಟಿರಲಿಲ್ಲ.

ಇದೇ ಹುಡುಗನಿಗೆ, ನೇರವಾಗಿ ನಿಂತು 35 ಸಲ ಎಸಿ ಅನ್ನುವ ಕೋಚ್ ಸಿಕ್ಕಿದ್ದರೆ? ಬಹುಶಃ ಟೆನೆಸಿಯ ಕಥೆಯೇ ಮತ್ತೆ ಆಗುತ್ತಿತ್ತು. ಬಾಕಿ ವರ್ಷ, ಬೆಲೆ ನೋಡುವುದು ಮೊದಲ ಷರತ್ತಾದರೆ, ನನ್ನ ಎರಡನೇ ಷರತ್ತು ಇದು: ಬ್ಯಾಕಪ್ ತರುವ ಮೊದಲು ಕೋಚ್‌ನನ್ನು ಕೂರಿಸಿ ಕೇಳಬೇಕು, 'ಇವನು ಆಡಬೇಕಾಗಿ ಬಂದರೆ ನೀನು ಏನೇನು ಬದಲಾಯಿಸುತ್ತೀಯ?' ಉತ್ತರ ತಡವರಿಸಿದರೆ ಆ ಪಿಕ್ ಜೇಬಿನಲ್ಲೇ ಇರಲಿ. ಸೀಸನ್ ಶುರುವಾದ ಮೇಲೆ ಅಭ್ಯಾಸದಲ್ಲಿ ಮುಖ್ಯ ತಂಡದ ಜೊತೆಗಿನ ಸ್ನ್ಯಾಪ್‌ಗಳು ಹೆಚ್ಚುಕಡಿಮೆ ಎಲ್ಲವೂ ಸ್ಟಾರ್ಟರ್‌ಗೇ, ಅಂದರೆ ಮುಖ್ಯ ಕ್ವಾರ್ಟರ್‌ಬ್ಯಾಕ್‌ಗೇ ಹೋಗುತ್ತವೆ. ಬ್ಯಾಕಪ್‌ಗೆ ಸಿಗುವುದು ಸ್ಕೌಟ್ ಟೀಮ್, ಅಂದರೆ ಮುಂದಿನ ಎದುರಾಳಿ ಆಡುವ ಥರ ಆಡಿ ತೋರಿಸುವ ಕೆಲಸ. ಇಡೀ ವಾರ ಬೇರೆಯವರ ಪ್ಲೇಬುಕ್ ಆಡಿದವನು ಭಾನುವಾರ ತಟ್ಟನೆ ನಮ್ಮದನ್ನು ಆಡಬೇಕು. ಪ್ರೀಸೀಸನ್‌ನಲ್ಲಿ ಇರುವುದೂ ಈಗ ಮೂರೇ ಪಂದ್ಯ. ಹಾಗಾಗಿ ಅವನಿಗೆಂದೇ ಒಂದು ಸಣ್ಣ ಪ್ಲೇಬುಕ್ ಮೊದಲೇ ತಯಾರಿರಬೇಕು.

ಹೊತ್ತು ಮೀರಿದ ಮೇಲೆ ಹುಡುಕಿದರೆ ಏನಾಗುತ್ತದೆ? ಎರಡೂ ಥರ ಆಗಿದೆ. 2016ರ ಆಗಸ್ಟ್ ಕೊನೆಯಲ್ಲಿ ಮಿನೆಸೋಟದ ಟೆಡ್ಡಿ ಬ್ರಿಡ್ಜ್‌ವಾಟರ್ ಅಭ್ಯಾಸದಲ್ಲೇ ಮೊಣಕಾಲಿಗೆ ದೊಡ್ಡ ಪೆಟ್ಟು ಮಾಡಿಕೊಂಡ. ಗಾಬರಿಯಲ್ಲಿ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಮೊದಲ ಸುತ್ತಿನ ಪಿಕ್ ಜೊತೆ ಷರತ್ತಿನ ಮೇಲೆ ಇನ್ನೊಂದು ಪಿಕ್ ಕೊಟ್ಟರು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗಾಯಿತು. ಅದೇ ಮಿನೆಸೋಟ 2023ರ ಅಕ್ಟೋಬರ್ ಕೊನೆಯಲ್ಲಿ ಕರ್ಕ್ ಕಸಿನ್ಸ್ ಹಿಮ್ಮಡಿಯ ಸ್ನಾಯುರಜ್ಜು (ಅಕಿಲೀಸ್) ಹರಿದುಕೊಂಡಾಗ, ಆರನೇ ಸುತ್ತಿನ ಪಿಕ್‌ಗೆ ನಮ್ಮ ಡಾಬ್ಸ್‌ನನ್ನು ಅರಿಜೋನಾದಿಂದ ತಂದಿತು. ಬಂದ ಐದನೇ ದಿನ ಅಟ್ಲಾಂಟಾದಲ್ಲಿ ಪಂದ್ಯ. ಆಡಬೇಕಿದ್ದ ಜಾರೆನ್ ಹಾಲ್ ತಲೆಗೆ ಪೆಟ್ಟಾಗಿ ಹೊರಗೆ ಹೋದ. ಜೊತೆಯವರ ಹೆಸರೂ ಸರಿಯಾಗಿ ಗೊತ್ತಿಲ್ಲದ ಡಾಬ್ಸ್, ಸ್ನ್ಯಾಪ್ ಕೂಗುವ ತಾಳವನ್ನು, ಚೆಂಡು ಹಿಂದಕ್ಕೆ ಕೊಡುವ ಸೆಂಟರ್ ಜೊತೆ ಮೈದಾನದ ಅಂಚಿನಲ್ಲೇ ರೂಢಿ ಮಾಡಿಕೊಂಡು ಒಳಗೆ ಹೋದ. ಕೋಚ್ ಕೆವಿನ್ ಓ'ಕಾನೆಲ್ ಹೆಲ್ಮೆಟ್‌ನ ರೇಡಿಯೋದಲ್ಲಿ ಹೇಳಿಕೊಡುತ್ತಲೇ ಇದ್ದರು. ಪ್ಲೇ ಗಡಿಯಾರದಲ್ಲಿ (ಚೆಂಡು ಆಟಕ್ಕೆ ತರಲು ಇರುವ ಸಮಯ ತೋರಿಸುವುದು) 15 ಸೆಕೆಂಡ್ ಉಳಿದಾಗ ಆ ರೇಡಿಯೋ ತಾನಾಗೇ ಬಂದ್ ಆಗುತ್ತದೆ, ಆಮೇಲೆ ಅವನ ಪಾಡು ಅವನಿಗೆ. 31-28ರಿಂದ ಗೆದ್ದರು. ಡಾಬ್ಸ್ ಏರೋಸ್ಪೇಸ್ ಎಂಜಿನಿಯರಿಂಗ್ ಓದಿದವನು. ಅಂಥ ತಲೆ ಎಲ್ಲರಿಗೂ ಇರುವುದಿಲ್ಲ, ಆ ಪಂದ್ಯವನ್ನು ನಂಬಿ ಯಾರೂ ಯೋಜನೆ ಹಾಕಬಾರದು. ಅವನ ಅದೃಷ್ಟವೂ ಕೆಲವೇ ವಾರಕ್ಕೆ ಮುಗಿದು ಬೆಂಚಿಗೆ ಹೋದ.

ಈಗ ನಿಮ್ಮ ಎರಡನೇ ಪ್ರಶ್ನೆ, ಹಳಬನನ್ನೇ ಇಟ್ಟುಕೊಂಡರೆ? ತಪ್ಪೇನಿಲ್ಲ. ಅನುಭವಿ ಬ್ಯಾಕಪ್‌ಗೆ ವರ್ಷಕ್ಕೆ 5ರಿಂದ 8 ಮಿಲಿಯನ್ ಆಗುತ್ತದೆ. 2019ರಲ್ಲಿ ಅದೇ ಬ್ರಿಡ್ಜ್‌ವಾಟರ್‌ಗೆ ನ್ಯೂ ಆರ್ಲಿಯನ್ಸ್ 7.25 ಮಿಲಿಯನ್ ಕೊಟ್ಟಿತು. ಅಲ್ಲಿನ ಮುಖ್ಯ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ರೀಸ್‌ನ ಹೆಬ್ಬೆರಳಿಗೆ ಪೆಟ್ಟಾದಾಗ ಐದಕ್ಕೆ ಐದೂ ಗೆದ್ದುಕೊಟ್ಟ. ಆದರೆ ಅವನನ್ನು ಮೊದಲು ತಂದದ್ದೂ ಟ್ರೇಡ್‌ನಲ್ಲೇ ಅನ್ನುವುದನ್ನು ಜನ ಮರೆಯುತ್ತಾರೆ. 2018ರ ಆಗಸ್ಟ್‌ನಲ್ಲಿ ಮೂರನೇ ಸುತ್ತಿನ ಪಿಕ್ ಕೊಟ್ಟು ನ್ಯೂಯಾರ್ಕ್ ಜೆಟ್ಸ್ ತಂಡದಿಂದ ತಂದು, ಒಂದು ವರ್ಷ ಬ್ರೀಸ್ ಹಿಂದೆ ಕೂರಿಸಿ, ಪ್ಲೇಬುಕ್ ಅರೆದು ಕುಡಿಸಿದ್ದರು. 2023ರಲ್ಲಿ ಕ್ಲೀವ್‌ಲ್ಯಾಂಡ್ 38 ವರ್ಷದ ಜೋ ಫ್ಲಾಕೊನನ್ನು ನವೆಂಬರ್‌ನಲ್ಲಿ ಮನೆಯಿಂದ ಕರೆತಂದು ಐದರಲ್ಲಿ ನಾಲ್ಕು ಗೆದ್ದದ್ದೂ ಇದೆ, ಒಂದೂ ಪಿಕ್ ಖರ್ಚಾಗಲಿಲ್ಲ.

ನನ್ನ ಅಳತೆ ಹೀಗೆ. ಸ್ಟಾರ್ಟರ್‌ನ ಸಂಬಳ ಇನ್ನೂ ಕಡಿಮೆ ಇದ್ದು, ಈ ವರ್ಷವೇ ಕಪ್ ಹೊಡೆಯುವ ತಂಡವಾದರೆ ಹಳಬನೇ ಸರಿ. 8 ಮಿಲಿಯನ್ ದೊಡ್ಡದಲ್ಲ, ಅವನಿಗೆ ಹೇಳಿಕೊಡುವುದೂ ಬೇಡ. ಸ್ಟಾರ್ಟರ್‌ಗೇ 60 ಮಿಲಿಯನ್ ಹೋಗುವ ತಂಡಕ್ಕೆ ಆ 7 ಮಿಲಿಯನ್ ವ್ಯತ್ಯಾಸ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಮುಂದಿನ ಸಾಲಿನ ಒಬ್ಬ ಒಳ್ಳೆಯ ಗಾರ್ಡ್‌ನ ಸಂಬಳಕ್ಕೆ ನೆರವಾಗುತ್ತದೆ. ಮುಂದಿನ ಸಾಲು ಗಟ್ಟಿಯಿದ್ದರೆ ಪ್ರೆಸ್ಕಾಟ್‌ಗೆ ಪೆಟ್ಟಾಗುವುದೂ ಕಡಿಮೆ, ಮಿಲ್ಟನ್ ಆಡಬೇಕಾಗಿ ಬಂದರೂ ಅವನಿಗೆ ಉಸಿರಾಡಲು ಸಮಯ ಸಿಗುತ್ತದೆ.

ಇನ್ನು ಮಿಲ್ಟನ್‌ನನ್ನು ನೀವು ನೋಡುವಾಗ ಅವನ ತೋಳಿನ ಜೋರನ್ನು ನೋಡಬೇಡಿ, ಅದು ಎಲ್ಲರಿಗೂ ಗೊತ್ತಿರುವುದೇ. ಪ್ರೀಸೀಸನ್ ಪಂದ್ಯದಲ್ಲಿ ಮೂರನೇ ಡೌನ್ (ನಾಲ್ಕು ಪ್ರಯತ್ನಗಳಲ್ಲಿ ಮೂರನೆಯದು) ಬಂದಾಗ ನೋಡಿ. ಮೊದಲು ನೋಡಿದ ರಿಸೀವರ್ (ಎಸೆತ ಹಿಡಿಯುವವನು) ಸಿಗದಿದ್ದರೆ ಎರಡನೆಯವನ ಕಡೆ ಕಣ್ಣು ಹೋಗುತ್ತದಾ, ಅಥವಾ ತಲೆ ತಗ್ಗಿಸಿ ಓಡುತ್ತಾನಾ? ಎಂಟು ಯಾರ್ಡ್‌ನ ಸಣ್ಣ ಎಸೆತವನ್ನು ಮೆತ್ತಗೆ ಹಾಕುತ್ತಾನಾ, ಅಥವಾ ಅದಕ್ಕೂ ಗುಂಡು ಹೊಡೆದ ಹಾಗೆ ಎಸೆಯುತ್ತಾನಾ? ಪ್ಲೇ ಗಡಿಯಾರ ಸೊನ್ನೆಯಾಗುವ ಮೊದಲು ತಂಡವನ್ನು ಸಾಲಾಗಿ ನಿಲ್ಲಿಸುತ್ತಾನಾ? ಈ ಮೂರು ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿದ್ದರೆ ಐದನೇ ಸುತ್ತಿನ ಪಿಕ್ ಸಾರ್ಥಕ. 2027 ಮುಗಿದ ಮೇಲೆ ಬೇರೆ ತಂಡ ದೊಡ್ಡ ಮೊತ್ತ ಕೊಟ್ಟು ಅವನನ್ನು ಕರೆದುಕೊಂಡು ಹೋದರೂ ಬೇಜಾರು ಬೇಡ. ಆ ವರ್ಷ ಡಲ್ಲಾಸ್ ಹೊರಗಿನಿಂದ ಜಾಸ್ತಿ ಜನರನ್ನು ಕೊಂಡಿರದಿದ್ದರೆ, ಲೀಗ್‌ನ ಲೆಕ್ಕಾಚಾರದ ಪ್ರಕಾರ ಅವನ ಬದಲಿಗೆ ಒಂದು ಹೆಚ್ಚುವರಿ ಪಿಕ್ ಸಿಗಬಹುದು. ಅದು ಐದನೇ ಸುತ್ತಿಗಿಂತ ಮೇಲಿನದಾದರೂ ಆಶ್ಚರ್ಯವಿಲ್ಲ.